ಮೊದಲು ಫಲಕ ಎಣಿಸಿ: ವಿಕ್ಟೋರಿಯಾ ಕಾಲದ ಸೇತುವೆ ಗ್ರಂಥಗಳನ್ನು ಸಂಗ್ರಹಿಸುವವರಿಗೆ

ಪ್ರಶ್ನೆ: ನಾನು ಧಾರವಾಡದಲ್ಲಿರುವ ನಿವೃತ್ತ ಸಿವಿಲ್ ಎಂಜಿನಿಯರ್. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದ ನಮ್ಮ ಮುತ್ತಜ್ಜನ ಟ್ರಂಕಿನಲ್ಲಿ ವಿಲಿಯಂ ಹಂಬರ್ ಎಂಬುವರ ಕಬ್ಬಿಣದ ಸೇತುವೆಗಳ ದೊಡ್ಡ ಪುಸ್ತಕವೊಂದು ಸಿಕ್ಕಿದೆ. ಅದರಲ್ಲಿ ಬರೀ ನಕ್ಷೆಗಳಿವೆ, ಓದುವ ಬರಹವೇ ಇಲ್ಲ. ಇದು ಪೂರ್ಣ ಪುಸ್ತಕವೇ? ಇದನ್ನೇ ಮೊದಲನೆಯದಾಗಿ ಇಟ್ಟುಕೊಂಡು ವಿಕ್ಟೋರಿಯಾ ಕಾಲದ ಕಟ್ಟಡ, ಸೇತುವೆಗಳ ಸಚಿತ್ರ ಗ್ರಂಥಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದೆ. ಎಲ್ಲಿಂದ ಆರಂಭಿಸಲಿ, ಕೊಳ್ಳುವಾಗ ಏನು ನೋಡಲಿ? ಕೆಲವು ಹಾಳೆಗಳು ಮಡಿಕೆಯಲ್ಲಿ ಹರಿದಿವೆ, ಟೇಪು ಹಚ್ಚಬಹುದೇ? ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ, ದುರಸ್ತಿಗೆ ಇದನ್ನು ಅವಳ ಕೈಯಲ್ಲಿ ಕಳುಹಿಸಲೇ, ಅವಳಿಂದ ಅಲ್ಲಿಯ ಪುಸ್ತಕ ತರಿಸಲೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ತುರ್ತಿನದು ಟೇಪಿನದು, ಆದ್ದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಚ್ಚಬೇಡಿ. ಪಾರದರ್ಶಕ ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ; ಟೇಪು ಒಣಗಿ ಉದುರಿದ ಮೇಲೂ ಕಲೆ ಉಳಿಯುತ್ತದೆ, ಅದನ್ನು ತೆಗೆಯುವುದು ಹರಿದದ್ದನ್ನು ಕೂಡಿಸುವುದಕ್ಕಿಂತ ಕಷ್ಟದ ಕೆಲಸ. ಹರಿದ ಹಾಳೆಯನ್ನು ಮಡಿಕೆ ಬಿಡಿಸಿ, ಹರಿದ ಅಂಚುಗಳನ್ನು ಒಂದಕ್ಕೊಂದು ತಾಗಿಸಿ, ಮೇಲೊಂದು ಕೆಳಗೊಂದು ಶುಭ್ರ ಬಿಳಿ ಹಾಳೆಯಿಟ್ಟು ಸಪಾಟಾಗಿ ಇರಿಸಿದರೆ ಸದ್ಯಕ್ಕೆ ಸಾಕು. ಉಳಿದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಹಂಬರ್ ಅವರ ಪುಸ್ತಕ. ನಿಮ್ಮ ಕೈಯಲ್ಲಿರುವುದು ಹೆಚ್ಚು ಕಡಿಮೆ ಖಚಿತವಾಗಿ ಅವರ ದೊಡ್ಡ ಗ್ರಂಥದ ಅರ್ಧಭಾಗ. ಬೀಡು ಕಬ್ಬಿಣ ಮತ್ತು ಮೆದು ಕಬ್ಬಿಣದ ಸೇತುವೆಗಳ ರಚನೆಯನ್ನು ಸಮಗ್ರವಾಗಿ ವಿವರಿಸುವ ಆ ಗ್ರಂಥ 1861ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದಿತು. ಒಂದರಲ್ಲಿ ಬರಹ, ಇನ್ನೊಂದರಲ್ಲಿ ಫಲಕಗಳು, ಅಂದರೆ ಬೇರೆ ಹಾಳೆಗಳಲ್ಲಿ ಅಚ್ಚಾದ ನಕ್ಷೆ, ಚಿತ್ರಗಳು. 1870ರ ಮೂರನೆಯ ಆವೃತ್ತಿಯಲ್ಲಿ 115 ಜೋಡಿಪುಟದ ಫಲಕಗಳಿದ್ದವು, ಅವುಗಳಲ್ಲಿ 20 ಹೊಸದಾಗಿ ಸೇರಿದವು ಎಂದು ಪ್ರಕಾಶಕರೇ ತಮ್ಮ ಜಾಹೀರಾತಿನಲ್ಲಿ ಹೇಳಿಕೊಂಡಿದ್ದರು. ಅರ್ಧ ಮೊರಾಕ್ಕೊ ಚರ್ಮದ ಹೊದಿಕೆಯೊಂದಿಗೆ ಎರಡು ಸಂಪುಟಗಳ ಬೆಲೆ 6 ಪೌಂಡ್ 16 ಶಿಲಿಂಗ್ 6 ಪೆನ್ಸ್. ಆ ಕಾಲದಲ್ಲಿ ಅದು ಸಾಮಾನ್ಯ ಓವರ್‌ಸಿಯರ್ ಒಬ್ಬರು ಸ್ವಂತಕ್ಕೆಂದು ಸುಲಭವಾಗಿ ತೆರುವ ಹಣವಾಗಿರಲಿಲ್ಲ. ಹಾಗಾಗಿ ಶೀರ್ಷಿಕೆ ಪುಟದ ಹಿಂಬದಿ, ಮೊದಲ ಫಲಕದ ಮೂಲೆ ಮತ್ತು ಕೊನೆಯ ಹಾಳೆಯಲ್ಲಿ ಇಲಾಖೆಯ ಮೊಹರು ಇದೆಯೇ ಎಂದು ಸಾವಧಾನವಾಗಿ ನೋಡಿ. ಮೊಹರು ಇದ್ದು, ಅದರ ಮೇಲೆ ರದ್ದು ಮಾಡಿದ ಗುರುತೂ ಇದ್ದರೆ ಪುಸ್ತಕ ಯಾವ ದಾರಿಯಿಂದ ನಿಮ್ಮ ಮನೆಗೆ ಬಂತೆಂಬುದು ತಿಳಿಯುತ್ತದೆ. ಅದನ್ನು ಅಳಿಸುವ ಯೋಚನೆ ಬೇಡ. ನನ್ನ ಕಣ್ಣಿಗೆ ಅಂಥ ಮೊಹರು ದೋಷವಲ್ಲ, ಪುಸ್ತಕದ ಜಾತಕ.

ಈ ಕ್ಷೇತ್ರದ ಗ್ರಂಥಗಳ ಮುಖ್ಯ ಸಂಕಟ ನಿಮ್ಮ ಟ್ರಂಕಿನಲ್ಲೇ ಸಿಕ್ಕಿದೆ. ಸಾಹಿತ್ಯ ಗ್ರಂಥದಲ್ಲಿ ಚಿತ್ರ ಬರಹಕ್ಕೆ ಅಲಂಕಾರ. ಎಂಜಿನಿಯರಿಂಗ್ ಗ್ರಂಥದಲ್ಲಿ ಫಲಕವೇ ಪುಸ್ತಕ, ಬರಹ ಅದರ ವಿವರಣೆ. ಆದರೆ ದೊಡ್ಡ ಫಲಕಗಳು ಬರಹದ ಅಳತೆಗೆ ಹೊಂದುವುದಿಲ್ಲವಾದ್ದರಿಂದ ಪ್ರಕಾಶಕರು ಬರಹವನ್ನು ಕೈಯಲ್ಲಿ ಹಿಡಿಯುವ ಅಳತೆಯಲ್ಲಿಯೂ ಫಲಕಗಳನ್ನು ಮೇಜಿನ ಮೇಲೆ ಹರಡುವ ಅಟ್ಲಾಸಿನಲ್ಲಿಯೂ ಅಚ್ಚು ಹಾಕಿಸಿದರು. ಬರಹದ ಸಂಪುಟ ಕಪಾಟಿಗೆ ಹೋಯಿತು, ಅಟ್ಲಾಸು ನಕ್ಷೆ ಬರೆಯುವವರ ಕೋಣೆಗೆ ಹೋಯಿತು, ಒಂದೆರಡು ತಲೆಮಾರಿನಲ್ಲಿ ಇವು ಒಂದನ್ನೊಂದು ಮರೆತವು. ಹೀಗಾಗಿ ಮಾರುಕಟ್ಟೆಯಲ್ಲಿ ಬರಹದ ಸಂಪುಟಗಳು ಧಾರಾಳವಾಗಿ ಅಗ್ಗಕ್ಕೆ ಸಿಗುತ್ತವೆ, ಅಟ್ಲಾಸುಗಳು ಅಪರೂಪಕ್ಕೆ ದುಬಾರಿಯಾಗಿ ಸಿಗುತ್ತವೆ. ನಿಮಗೆ ಸಿಕ್ಕಿರುವುದು ಆ ಕಷ್ಟದ ಅರ್ಧ ಎಂಬುದು ನಿಮ್ಮ ಪುಣ್ಯ. ಉಳಿದರ್ಧವನ್ನು ಹುಡುಕುವುದು ತಾಳ್ಮೆಯ ಪ್ರಶ್ನೆ ಮಾತ್ರ.

ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಪುಸ್ತಕಗಳ ಪಟ್ಟಿಯಿಂದ ಆರಂಭಿಸಬೇಡಿ, ಒಂದು ಕಟ್ಟಡದಿಂದ ಆರಂಭಿಸಿ ಎಂಬುದು. 1837ರಿಂದ 1901ರವರೆಗಿನ ಎಲ್ಲವನ್ನೂ ಕೊಳ್ಳಹೊರಟರೆ ಮನೆ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಸೇತುವೆಯನ್ನು ಹಿಡಿದು ಅದರ ಸುತ್ತ ಹುಟ್ಟಿದ ಪ್ರಯೋಗ ವರದಿ, ಪತ್ರಿಕೆಯ ಲೇಖನ, ಅಟ್ಲಾಸು, ವಾದ ಪ್ರತಿವಾದಗಳನ್ನು ಕೂಡಿಸಿದರೆ ಹತ್ತು ಪುಸ್ತಕಗಳಲ್ಲೇ ಅರ್ಥವುಳ್ಳ ಸಂಗ್ರಹವೊಂದು ನಿಲ್ಲುತ್ತದೆ. ನಿಮ್ಮ ಮಗಳು ಮ್ಯಾಂಚೆಸ್ಟರಿನಲ್ಲಿರುವುದರಿಂದ ಒಂದು ಸೇತುವೆಯನ್ನು ನಾನೇ ಸೂಚಿಸುತ್ತೇನೆ: ವೇಲ್ಸಿನ ಮೆನೈ ಜಲಸಂಧಿಯ ಮೇಲೆ 1850ರ ಮಾರ್ಚಿನಲ್ಲಿ ತೆರೆದ ಬ್ರಿಟಾನಿಯಾ ಸೇತುವೆ.

ಈ ಸೇತುವೆಯಲ್ಲಿ ರೈಲು ಗರ್ಡರಿನ, ಅಂದರೆ ಸೇತುವೆಯ ಮುಖ್ಯ ತೊಲೆಯ, ಮೇಲೆ ಓಡುತ್ತಿರಲಿಲ್ಲ, ಗರ್ಡರಿನೊಳಗೇ ಓಡುತ್ತಿತ್ತು. ಮೆದು ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ, ಆಯತಾಕಾರದ ಟೊಳ್ಳು ಕೊಳವೆಗಳು ಅವು. ನಡುವಿನ ಎರಡು ಅಂಕಣಗಳು (ಆಧಾರದಿಂದ ಆಧಾರಕ್ಕಿರುವ ಅಂತರಗಳು) ತಲಾ 460 ಅಡಿ, ಬದಿಯವು ತಲಾ 230 ಅಡಿ. ಅಷ್ಟು ಉದ್ದದ ಕೊಳವೆ ನಿಲ್ಲುತ್ತದೆಯೇ ಎಂದು ಹೇಳುವ ಲೆಕ್ಕ ಆಗ ಯಾರ ಬಳಿಯೂ ಇರಲಿಲ್ಲ. ಮುಖ್ಯ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಅವರು ಪ್ರಯೋಗದ ಹೊಣೆಯನ್ನು ಮ್ಯಾಂಚೆಸ್ಟರಿನ ವಿಲಿಯಂ ಫೇರ್‌ಬೇರ್ನ್ ಅವರಿಗೆ ವಹಿಸಿದರು; ಗಣಿತಕ್ಕೆ ಈಟನ್ ಹಾಜ್‌ಕಿನ್‌ಸನ್ ಜೊತೆಯಾದರು. ದುಂಡನೆಯ, ಅಂಡಾಕಾರದ, ಆಯತದ ಕೊಳವೆಗಳನ್ನು ಒಂದೊಂದಾಗಿ ಮುರಿಯುವವರೆಗೆ ಭಾರ ಹೇರಿ ನೋಡಿದಾಗ, ಅವರ ನಿರೀಕ್ಷೆಗೆ ವಿರುದ್ಧವಾಗಿ, ಕೆಳಗಿನ ತಗಡು ಎಳೆತಕ್ಕೆ ಹರಿಯುವುದಕ್ಕೆ ಮುಂಚೆಯೇ ಮೇಲಿನ ತಗಡು ಒತ್ತಡಕ್ಕೆ ಸುಕ್ಕುಗಟ್ಟಿ ಮಡಚಿಕೊಂಡಿತು. ತೆಳು ತಗಡಿನ ಈ ಸ್ವಭಾವವನ್ನು ಇಂದು ನೀವೂ ನಾನೂ ಕೋಡ್ ಪುಸ್ತಕದ ಒಂದು ಕೋಷ್ಟಕ ತೆರೆದು ನೋಡಿಕೊಳ್ಳುತ್ತೇವೆ. ಅವರು ಅದನ್ನು ಕಣ್ಣಾರೆ ಕಂಡು, ಕೊಳವೆಯ ಮೇಲ್ಭಾಗವನ್ನು ಸಣ್ಣ ಸಣ್ಣ ಗೂಡುಗಳ ಸಾಲಾಗಿ ಕಟ್ಟಿದರು. ಅನಂತರ ಆರನೆಯ ಒಂದು ಅಳತೆಯ, 75 ಅಡಿ ಅಂಕಣದ ಮಾದರಿಯನ್ನು ಮತ್ತೆ ಮತ್ತೆ ಮುರಿದು, ದುರಸ್ತಿ ಮಾಡಿ, ಮತ್ತೆ ಮುರಿದು ನೋಡಿದರು.

ಸಂಗ್ರಾಹಕನಿಗೆ ಇಲ್ಲಿಂದ ಮುಂದಿನದು ರುಚಿಕರ. ಶ್ರೇಯಸ್ಸು ಯಾರದು ಎಂಬ ಜಗಳದಲ್ಲಿ ಫೇರ್‌ಬೇರ್ನ್ 1848ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಮರುವರ್ಷವೇ, ಅಂದರೆ ಸೇತುವೆ ಮುಗಿಯುವ ಮುನ್ನವೇ, ಬ್ರಿಟಾನಿಯಾ ಮತ್ತು ಅದೇ ಬಗೆಯ ಕಾನ್ವೇ ಸೇತುವೆಗಳ ನಿರ್ಮಾಣದ ಬಗ್ಗೆ ತಮ್ಮದೇ ಗ್ರಂಥವನ್ನು ಫಲಕಗಳೊಂದಿಗೆ ಹೊರತಂದು, ಸ್ಟೀಫನ್‌ಸನ್ ಜೊತೆಗಿನ ಪತ್ರವ್ಯವಹಾರವನ್ನೂ ಅದರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಎದುರಾಗಿ 1850ರಲ್ಲಿ ಬಂದದ್ದು ಸ್ಥಳದ ಎಂಜಿನಿಯರ್ ಎಡ್ವಿನ್ ಕ್ಲಾರ್ಕ್ ಅವರ ಗ್ರಂಥ: ಎರಡು ಸಂಪುಟ ಬರಹ, ಜೊತೆಗೊಂದು ಭಾರಿ ಫೋಲಿಯೊ ಅಟ್ಲಾಸು, ಸ್ಟೀಫನ್‌ಸನ್ ಅವರ ಒಪ್ಪಿಗೆ ಮತ್ತು ಮೇಲ್ವಿಚಾರಣೆಯೊಂದಿಗೆ. ಇವೆರಡನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೇ ಪ್ರಯೋಗದ ವರದಿಯನ್ನು ಎರಡೂ ಕಡೆ ಓದಿದರೆ, ಅಂಕಿಗಳಿಗಿಂತ ಒತ್ತು ಎಲ್ಲಿ ಬೀಳುತ್ತದೆ ಎಂಬುದರಲ್ಲಿ ಜಗಳ ಕಾಣುತ್ತದೆ. ನನ್ನ ಒಲವು ಫೇರ್‌ಬೇರ್ನ್ ಕಡೆಗಿದೆ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಫಲಕಗಳ ಮಟ್ಟಿಗೆ ಕ್ಲಾರ್ಕ್ ಅವರ ಅಟ್ಲಾಸಿಗೆ ಸಾಟಿಯಿಲ್ಲ. ಕೊಳವೆಯನ್ನು ಮೇಲೆತ್ತಿದ ಜಲಒತ್ತಡದ ಯಂತ್ರದ ವಿವರಗಳನ್ನು ಅಲ್ಲಿ ನೋಡಬೇಕು. 1849ರ ಆಗಸ್ಟಿನಲ್ಲಿ ಅಂಥ ಒಂದು ಯಂತ್ರದ ಸಿಲಿಂಡರಿನ ತಳವೇ ಒಡೆದು ಹಾರಿತು. ಕೊಳವೆ ಏರಿದಂತೆಲ್ಲ ಅದರ ಕೆಳಗೆ ಆಧಾರ ಕಟ್ಟುತ್ತ ಬರಬೇಕೆಂಬ ಸ್ಟೀಫನ್‌ಸನ್ ಅವರ ಕಟ್ಟುನಿಟ್ಟಿನಿಂದಾಗಿ ಕೊಳವೆ ಕೆಲವೇ ಅಂಗುಲ ಕುಸಿದು ನಿಂತಿತು.

ಆ ಕಟ್ಟುನಿಟ್ಟಿಗೆ ಹಿನ್ನೆಲೆಯೂ ಇತ್ತು. 1847ರ ಮೇ 24ರಂದು ಚೆಸ್ಟರ್ ಬಳಿ ಡೀ ನದಿಯ ಮೇಲೆ ಸ್ಟೀಫನ್‌ಸನ್ ಅವರೇ ವಿನ್ಯಾಸ ಮಾಡಿದ ಬೀಡು ಕಬ್ಬಿಣದ ಗರ್ಡರ್ ಮುರಿದು ಐವರು ಸತ್ತಿದ್ದರು. ರೈಲ್ವೆ ರಚನೆಗಳಲ್ಲಿ ಕಬ್ಬಿಣದ ಬಳಕೆಯ ಬಗ್ಗೆ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ ವರದಿ 1849ರದು. ಬ್ರಿಟಿಷ್ ಸಂಸತ್ತಿನ ಇಂಥ ನೀಲಿ ಹೊದಿಕೆಯ ವರದಿಗಳನ್ನು ಪುಸ್ತಕ ವ್ಯಾಪಾರಿಗಳು ಬಹಳ ಕಾಲ ರದ್ದಿಯಂತೆ ಕಂಡರು. ಈಗ ಹಾಗಿಲ್ಲ, ಆದರೂ ಅಲಂಕಾರದ ಗ್ರಂಥಗಳ ಬೆಲೆ ಇವುಗಳಿಗಿಲ್ಲ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ರೈಲಿನ ಸಮೇತ ಕುಸಿದ ಟೇ ಸೇತುವೆಯ ವಿಚಾರಣಾ ವರದಿಯೂ ಈ ಜಾತಿಯದೇ. ಎಂಜಿನಿಯರಿಗೆ ಗೆದ್ದ ಸೇತುವೆಯ ಅಟ್ಲಾಸಿಗಿಂತ ಬಿದ್ದ ಸೇತುವೆಯ ವರದಿ ಹೆಚ್ಚು ಪ್ರಿಯವಾಗುವ ಒಂದು ದಿನ ಬರುತ್ತದೆ.

ಬ್ರಿಟಾನಿಯಾ ಬೇಡವೆನಿಸಿದರೆ ಇನ್ನೆರಡು ಒಳ್ಳೆಯ ಆರಂಭಗಳಿವೆ. ಒಂದು, 1851ರ ಲಂಡನ್ ಮಹಾಪ್ರದರ್ಶನದ ಕ್ರಿಸ್ಟಲ್ ಪ್ಯಾಲೆಸ್. ಚಾರ್ಲ್ಸ್ ಡೌನ್ಸ್ ಮತ್ತು ಚಾರ್ಲ್ಸ್ ಕೂಪರ್ ಅವರು 1852ರಲ್ಲಿ ಹೊರತಂದ ಗ್ರಂಥದ 28 ದೊಡ್ಡ ಫಲಕಗಳಲ್ಲಿ ಆ ಕಟ್ಟಡವನ್ನು ಕಂಬ, ಗರ್ಡರ್, ಗಾಜಿನ ಚೌಕಟ್ಟು ಎಂದು ಬಿಡಿಬಿಡಿಯಾಗಿ ಅಳತೆ ಸಮೇತ ಕೊಟ್ಟಿದ್ದಾರೆ. 1848 ಅಡಿ ಉದ್ದದ ಆ ಕಟ್ಟಡವೆಲ್ಲ 24 ಅಡಿಯ ಲೆಕ್ಕದ ಮೇಲೆ ನಿಂತಿತ್ತು ಎಂಬುದು, ಟೊಳ್ಳು ಕಂಬಗಳೇ ಮಳೆನೀರಿನ ಕೊಳವೆಗಳಾಗಿದ್ದವು ಎಂಬುದು ಆ ಫಲಕಗಳಲ್ಲಿ ಒಂದು ಗಂಟೆ ಕಳೆದರೆ ಮಾತಿಲ್ಲದೆ ತಿಳಿಯುತ್ತದೆ. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಇದೇ ವಂಶದ ಕೂಸು. ಆ ಫಲಕಗಳನ್ನು ನೋಡಿದ ಮೇಲೆ ಅಲ್ಲಿಗೆ ಹೋದರೆ ಫಲಪುಷ್ಪ ಪ್ರದರ್ಶನದ ಗದ್ದಲದಲ್ಲೂ ಕಣ್ಣು ಹೂವಿನ ಮೇಲಲ್ಲದೆ ಕಂಬದ ಬುಡ, ತೊಲೆಯ ಕೂಡುಗಳ ಮೇಲೆ ನಿಲ್ಲುತ್ತದೆ.

ಇನ್ನೊಂದು ಸ್ಕಾಟ್ಲೆಂಡಿನ ಫೋರ್ತ್ ಸೇತುವೆ. 1890ರ ಮಾರ್ಚ್ 4ರಂದು ಉದ್ಘಾಟನೆಯಾದ, 1710 ಅಡಿಯ ಎರಡು ಮುಖ್ಯ ಅಂಕಣಗಳುಳ್ಳ ಈ ಉಕ್ಕಿನ ಸೇತುವೆಯ ಬಗ್ಗೆ ಅಲ್ಲಿಯೇ ಕೆಲಸ ಮಾಡಿದ ವಿಲ್ಹೆಲ್ಮ್ ವೆಸ್ಟ್‌ಹೋಫೆನ್ ಅವರು ಬರೆದ ದೀರ್ಘ ವಿವರಣೆ, ಉದ್ಘಾಟನೆಗೆ ನಾಲ್ಕು ದಿನ ಮುಂಚೆ, ಫೆಬ್ರವರಿ 28ರಂದು ‘ಎಂಜಿನಿಯರಿಂಗ್’ ವಾರಪತ್ರಿಕೆಯಲ್ಲಿ ಬಂದು ಅನಂತರ ಪುಸ್ತಕವಾಗಿ ಮರುಮುದ್ರಣಗೊಂಡಿತು. ಅದಕ್ಕೂ ಹಿಂದಿನ ವರ್ಷ ಫಿಲಿಪ್ ಫಿಲಿಪ್ಸ್ ಅವರು ನಿರ್ಮಾಣದ ಹಂತಹಂತಗಳ ಗ್ರಂಥವೊಂದನ್ನು ತಂದಿದ್ದರು. ಈ ಹೊತ್ತಿಗೆ ಕೈಕೆತ್ತನೆಯ ಯುಗ ಮುಗಿಯುತ್ತ ಬಂದು ಫೋಟೋ ಪುಸ್ತಕದೊಳಕ್ಕೆ ಬಂದಿತ್ತು. ಕೈಚಾಚಿ ಕುರ್ಚಿಗಳಲ್ಲಿ ಕುಳಿತ ಇಬ್ಬರ ನಡುವೆ ಜಪಾನಿನ ಎಂಜಿನಿಯರ್ ಕಾಯಿಚಿ ವಾತಾನಾಬೆ ತೂಗಿಕೊಂಡು ಕುಳಿತ ಚಿತ್ರವನ್ನು ನೀವು ನಿಮ್ಮ ಪಠ್ಯಪುಸ್ತಕದಲ್ಲೇ ನೋಡಿರಬಹುದು. ಅದು ಈ ಸೇತುವೆಯ ತತ್ವವನ್ನು ಸಭಿಕರಿಗೆ ತಿಳಿಹೇಳಲು ತೆಗೆಸಿದ್ದು.

ಸೌಂದರ್ಯಕ್ಕಾಗಿಯೇ ಕೊಳ್ಳುವವರು ಜಾನ್ ಕುಕ್ ಬೋರ್ನ್ ಅವರ ಕಡೆಗೆ ಹೋಗುತ್ತಾರೆ. 1839ರ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲ್ವೆಯ ಚಿತ್ರಗಳು, 1846ರ ಗ್ರೇಟ್ ವೆಸ್ಟರ್ನ್ ರೈಲ್ವೆಯ ಗ್ರಂಥ, ಎರಡೂ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ, ಕಲೆಗೆ ಶಿಖರಪ್ರಾಯ. ಆದರೆ ಅವು ರಚನೆಯ ಗ್ರಂಥಗಳಿಗಿಂತ ಹೆಚ್ಚಾಗಿ ದೃಶ್ಯದ ಗ್ರಂಥಗಳು, ಬೆಲೆಯೂ ಚಿತ್ರ ಸಂಗ್ರಾಹಕರ ಬೆಲೆ. ಮೊದಲ ವರ್ಷಗಳಲ್ಲಿ ನೀವು ಅತ್ತ ಹೋಗಬೇಕಾಗಿಲ್ಲ. ಅದಕ್ಕೆ ತೀರ ಎದುರು ತುದಿಯಲ್ಲಿ ಪ್ರಕಾಶಕ ಜಾನ್ ವೀಲ್ ಅವರು ಕೆಲಸಗಾರರಿಗಾಗಿ ಹೊರತಂದ ಅಗ್ಗದ ಪ್ರಾಥಮಿಕ ಮಾಲೆಯ ಸಣ್ಣ ಪುಸ್ತಕಗಳಿವೆ. 1862ರಲ್ಲಿ ಅವರು ತೀರಿಕೊಂಡ ಮೇಲೂ ಬೇರೆ ಪ್ರಕಾಶಕರ ಕೈಯಲ್ಲಿ ಆ ಮಾಲೆ ದಶಕಗಳ ಕಾಲ ಮುಂದುವರಿಯಿತು. ಕೈ ಪಳಗಿಸಿಕೊಳ್ಳಲು ಇವು ಅತ್ಯುತ್ತಮ: ತಪ್ಪು ಕೊಂಡರೂ ನಷ್ಟ ಸಣ್ಣದು. ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ 1837ರಿಂದ ಪ್ರಕಟಿಸಿದ ನಡಾವಳಿಯ ಬಿಡಿ ಸಂಪುಟಗಳೂ ಹಾಗೆಯೇ. ಪ್ರಬಂಧ, ಅದರ ಮೇಲಿನ ಚರ್ಚೆ, ಕೊನೆಯಲ್ಲಿ ಮಡಿಕೆಯ ಫಲಕಗಳು. ಚರ್ಚೆಯ ಭಾಗವನ್ನು ಬಿಟ್ಟು ಓದಬೇಡಿ, ಹಿರಿಯರು ಒಬ್ಬರನ್ನೊಬ್ಬರು ಎಷ್ಟು ನಯವಾಗಿ ಚುಚ್ಚುತ್ತಿದ್ದರೆಂಬುದು ಅಲ್ಲಿದೆ.

ಭಾರತದಲ್ಲಿಯೇ ಅಚ್ಚಾದವುಗಳನ್ನೂ ಮರೆಯಬೇಡಿ. ರೂರ್ಕಿಯ ಥಾಮಸನ್ ಕಾಲೇಜಿನಿಂದ ಮೆಡ್ಲಿ ಅವರ ಸಂಪಾದಕತ್ವದಲ್ಲಿ 1863ರ ಸುಮಾರಿಗೆ ಆರಂಭವಾದ ಭಾರತೀಯ ಎಂಜಿನಿಯರಿಂಗ್ ಪ್ರಬಂಧಗಳ ಸರಣಿಯಲ್ಲಿ ಇಲ್ಲಿಯ ಸುಣ್ಣ, ಇಲ್ಲಿಯ ಇಟ್ಟಿಗೆ, ಇಲ್ಲಿಯ ನದಿಗಳ ಮಾತಿದೆ; ಫಲಕಗಳು ಲಂಡನ್ನಿನವುಗಳಷ್ಟು ನುಣುಪಲ್ಲ, ಆದರೆ ನಮ್ಮ ಮಣ್ಣಿನವು. ಗಂಗಾ ಕಾಲುವೆಯ ಬಗ್ಗೆ ಪ್ರೋಬಿ ಕಾಟ್ಲಿ ಅವರ 1860ರ ವರದಿ ಮೂರು ಸಂಪುಟ ಮತ್ತು ಒಂದು ಅಟ್ಲಾಸು. ಅದರದೂ ನಿಮ್ಮ ಹಂಬರ್ ಕಥೆಯೇ, ಬರಹ ಒಂದೂರಲ್ಲಿ, ಅಟ್ಲಾಸು ಇನ್ನೊಂದೂರಲ್ಲಿ. ಇಂಥವು ಹಳೆಯ ಇಲಾಖಾ ಕಚೇರಿಗಳ ವಿಲೇವಾರಿಯಲ್ಲಿ, ಎಂಜಿನಿಯರುಗಳ ಮನೆಗಳಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ಒಮ್ಮೊಮ್ಮೆ ತಲೆಯೆತ್ತುತ್ತವೆ.

ಇನ್ನು ಕೊಳ್ಳುವಾಗ ನೋಡಬೇಕಾದದ್ದು. ಫಲಕ ಎಣಿಸುವುದೇ ಮೊದಲ ಕೆಲಸ, ಹೊದಿಕೆಯ ಅಂದ, ಚಿನ್ನದ ಅಕ್ಷರ, ಬೆಲೆಯ ಚೌಕಾಶಿ ಎಲ್ಲ ಆಮೇಲೆ. ನಾನು ಈ ಪಾಠವನ್ನು ದುಡ್ಡು ಕೊಟ್ಟು ಕಲಿತೆ. ಮೇಲೆ ಹೇಳಿದ ಕ್ರಿಸ್ಟಲ್ ಪ್ಯಾಲೆಸ್ ಗ್ರಂಥವನ್ನು ‘ಪೂರ್ಣ’ ಎಂಬ ಮಾರಾಟಗಾರರ ಒಂದು ಮಾತನ್ನು ನಂಬಿ ಅಂಚೆಯಲ್ಲಿ ತರಿಸಿದ್ದೆ. ಬಂದ ಸಂಜೆ ಎಣಿಸಿದರೆ 27. ಮತ್ತೊಮ್ಮೆ ಎಣಿಸಿದರೂ 27. ಕೊನೆಗೆ ಹಾಳೆಗಳ ನಡುವಿನ ಸಂದಿಯನ್ನು ಒಂದೊಂದಾಗಿ ಬೆರಳಿನಿಂದ ಅಗಲಿಸಿ ನೋಡಿದಾಗ, ಹೊಲಿಗೆಯ ಬಳಿ ಮೂರು ನಾಲ್ಕು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯೊಂದು ಉಳಿದಿತ್ತು, ಅಂಚು ಕತ್ತಿಯಿಂದ ಎಳೆದಷ್ಟು ನೇರ. ಹುಳು ತಿಂದರೆ, ತಾನಾಗಿ ಹರಿದರೆ ಅಂಚು ಹಾಗಿರುವುದಿಲ್ಲ. ಹೋದದ್ದು ಕಂಬಕ್ಕೆ ಗರ್ಡರ್ ಕೂಡುವ ವಿವರದ ಫಲಕ. ನಾನು ಪುಸ್ತಕ ಕೊಂಡದ್ದೇ ಅದಕ್ಕಾಗಿ. ಯಾರದೋ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಅದು ತೂಗುತ್ತಿರಬಹುದು. ಗ್ರಂಥ ಒಡೆದು ಫಲಕಗಳನ್ನು ಬಿಡಿಬಿಡಿಯಾಗಿ ಮಾರುವುದು ದೊಡ್ಡ ದಂಧೆ, ಆ ವ್ಯಾಪಾರಿಗಳನ್ನು ಬಿಡಿ ಫಲಕ ಕೊಂಡು ಪೋಷಿಸಬೇಡಿ ಎಂಬುದು ನನ್ನ ಹಟ.

ಎಣಿಸುವುದರಲ್ಲೂ ಒಂದು ಕ್ರಮವಿದೆ. ಹಾಳೆ ಎಣಿಸಬೇಡಿ, ಫಲಕದ ಮೇಲೆ ಅಚ್ಚಾಗಿರುವ ಸಂಖ್ಯೆ ಓದಿ. ಒಂದು ಜೋಡಿಪುಟದ ಫಲಕಕ್ಕೆ ಎರಡು ಸಂಖ್ಯೆ ಇರಬಹುದು. ಕೆಲವು ಗ್ರಂಥಗಳಲ್ಲಿ ಆಮೇಲೆ ಸೇರಿಸಿದ ಫಲಕಕ್ಕೆ 12ಎ ಎಂಬಂಥ ಸಂಖ್ಯೆ ಇರುತ್ತದೆ. ಬರಹದ ಸಂಪುಟದ ಆರಂಭದಲ್ಲಿರುವ ಫಲಕಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಅದು ನಿಮ್ಮಲ್ಲಿ ಇಲ್ಲವಾದ್ದರಿಂದ ಇಂಟರ್ನೆಟ್ ಆರ್ಕೈವ್ ಅಥವಾ ಹಾತಿಟ್ರಸ್ಟ್ ತಾಣದಲ್ಲಿರುವ ಪ್ರತಿಯಲ್ಲಿ ಪಟ್ಟಿಯನ್ನು ಓದಿಕೊಳ್ಳಿ. ಆ ಡಿಜಿಟಲ್ ಪ್ರತಿಗಳ ಪಟ್ಟಿಯನ್ನು ನಂಬಬಹುದು, ಫಲಕಗಳನ್ನು ನಂಬಲಾಗದು. ಸ್ಕ್ಯಾನ್ ಮಾಡಿದವರು ಎಷ್ಟೋ ಕಡೆ ಮಡಿಕೆ ಬಿಡಿಸುವ ಗೋಜಿಗೇ ಹೋಗದೆ, ಮಡಿಚಿದ ಹಾಳೆಯ ಹಿಂಬದಿಯನ್ನೇ ಚಿತ್ರ ತೆಗೆದು ಮುಂದೆ ಹೋಗಿದ್ದಾರೆ. ಹಂಬರ್ ಅವರದೇ ಇನ್ನೊಂದು ಗ್ರಂಥಮಾಲೆ, 1863ರಿಂದ 1866ರವರೆಗಿನ ಆಧುನಿಕ ಎಂಜಿನಿಯರಿಂಗಿನ ಪ್ರಗತಿಯ ದಾಖಲೆಯ ನಾಲ್ಕು ಸಂಪುಟಗಳನ್ನು ಕೊಳ್ಳುವುದಾದರೆ, ಫಲಕದ ಜೊತೆಗೆ ಆರಂಭದ ಭಾವಚಿತ್ರವನ್ನೂ ನೋಡಿ. ಮೊದಲ ಸಂಪುಟದಲ್ಲಿ ಎಂಜಿನಿಯರ್ ಜಾನ್ ಹಾಕ್‌ಷಾ ಅವರ ಫೋಟೋ ಇರಬೇಕು.

ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ತಾಮ್ರ ಅಥವಾ ಉಕ್ಕಿನ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಫಲಕದಲ್ಲಿ ಗೆರೆಯ ಶಾಯಿ ಕಾಗದದಿಂದ ಕೂದಲೆಳೆಯಷ್ಟು ಎದ್ದಿರುತ್ತದೆ, ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ. ಕಲ್ಲಚ್ಚಿನಲ್ಲಿ ಈ ತಗ್ಗು ಇಲ್ಲ. ನೆರಳಿನ ಭಾಗ ಸೀಮೆಸುಣ್ಣ ಉಜ್ಜಿದಂತೆ ಹರಳುಹರಳಾಗಿರುತ್ತದೆ. ಸಾಲುಗಳ ನಡುವೆ ಬರಹದೊಂದಿಗೇ ಅಚ್ಚಾದ ಸಣ್ಣ ಚಿತ್ರಗಳು ಮರದ ಕೆತ್ತನೆಯವು. ಎಡ್ವರ್ಡ್ ಕ್ರೆಸಿ ಅವರ 1847ರ ಸಿವಿಲ್ ಎಂಜಿನಿಯರಿಂಗ್ ವಿಶ್ವಕೋಶದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು. ಚಿತ್ರವೆಲ್ಲ ಸಮನಾದ ಚುಕ್ಕೆಗಳ ಜಾಲವಾಗಿ ಒಡೆದರೆ ಅದು ಶತಮಾನದ ಕೊನೆಯ ಫೋಟೋ ಬ್ಲಾಕ್, ಇಲ್ಲವೇ ಇಪ್ಪತ್ತನೆಯ ಶತಮಾನದ ಮರುಮುದ್ರಣ. 1850ರ ದಿನಾಂಕದ ಪುಸ್ತಕದಲ್ಲಿ ಹಾಗೆ ಕಂಡರೆ ದುಡ್ಡು ಜೇಬಿನಲ್ಲೇ ಇರಲಿ. ಬಣ್ಣ ಹಾಕಿದ ಫಲಕಗಳಲ್ಲಿ ಬಣ್ಣವೂ ಒಂದು ಭಾಷೆ: ಮೆದು ಕಬ್ಬಿಣಕ್ಕೆ ನೀಲಿ, ಬೀಡಿಗೆ ಬೂದು, ಇಟ್ಟಿಗೆಗೆ ಕೆಂಪು, ಹಿತ್ತಾಳೆಗೆ ಹಳದಿ ಎಂಬುದು ನಕ್ಷೆ ಕೋಣೆಯ ರೂಢಿ. ಈಚೆಗೆ ಯಾರೋ ಅಂದಕ್ಕೆಂದು ಬಣ್ಣ ಬಳಿದಿದ್ದರೆ ಈ ರೂಢಿ ತಪ್ಪಿರುತ್ತದೆ, ಕಳ್ಳ ಅಲ್ಲಿ ಸಿಕ್ಕಿಬೀಳುತ್ತಾನೆ.

ಹೊದಿಕೆಯ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. 1836ರಲ್ಲಿ ವಿಲಿಯಂ ಹ್ಯಾನ್‌ಕಾಕ್ ಎಂಬುವರು ಹೊಲಿಗೆಯಿಲ್ಲದೆ ಬಿಡಿ ಹಾಳೆಗಳ ಬೆನ್ನಿಗೆ ರಬ್ಬರು ಬಳಿದು ಕಟ್ಟುವ ವಿಧಾನಕ್ಕೆ ಪೇಟೆಂಟ್ ಪಡೆದರು. ದೊಡ್ಡ ಫಲಕಗಳ ಗ್ರಂಥಕ್ಕೆ ಇದು ಹೇಳಿ ಮಾಡಿಸಿದಂತಿತ್ತು, ಪುಸ್ತಕ ಪೂರ್ತಿ ಸಪಾಟಾಗಿ ತೆರೆಯುತ್ತಿತ್ತು. ಆದರೆ ರಬ್ಬರು ಒಣಗಿ ಪುಡಿಯಾಯಿತು, ಹಾಳೆಗಳೆಲ್ಲ ಇಸ್ಪೀಟಿನ ಎಲೆಗಳಂತೆ ಉದುರಿದವು. ಆದ್ದರಿಂದ ಹಾಳೆ ಬಿಡಿಯಾಗಿದೆ ಎಂದ ಮಾತ್ರಕ್ಕೆ ಪುಸ್ತಕ ಕೆಟ್ಟಿದೆ ಎನ್ನಬೇಡಿ, ಫಲಕ ಪೂರ್ತಿಯಿದ್ದರೆ ಅಂಥದ್ದನ್ನು ಕಡಿಮೆ ಬೆಲೆಗೆ ಧೈರ್ಯವಾಗಿ ಕೊಳ್ಳಿ. ಕಂದು ಚುಕ್ಕೆಗಳಿಗೂ ಹೆದರಬೇಡಿ. ಅಳತೆಯ ಅಂಕಿ ಓದಲಾಗುವವರೆಗೆ ಅವು ಬರೀ ವಯಸ್ಸಿನ ಗುರುತು. ವಿಚಿತ್ರವೆಂದರೆ ಈ ಪುಸ್ತಕಗಳಲ್ಲಿ ಹಳೆಯದೇ ಗಟ್ಟಿ. ಚಿಂದಿಬಟ್ಟೆಯಿಂದ ಮಾಡಿದ 1840ರ ದಶಕದ ಕಾಗದ ಇಂದಿಗೂ ಬಿಳಿಯಾಗಿ ಬಾಗುತ್ತದೆ. ಮರದ ತಿರುಳು ಬೆರೆತ 1880, 1890ರ ಕಾಗದ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಅಂಚಿನಲ್ಲಿ ಪೆನ್ಸಿಲಿನ ಲೆಕ್ಕಗಳಿದ್ದರೆ ಮಾರುವವರು ಕ್ಷಮೆ ಕೇಳುವ ದನಿಯಲ್ಲಿ ಬೆಲೆ ಇಳಿಸುತ್ತಾರೆ. ನೀವು ಸುಮ್ಮನೆ ಕೊಂಡುಕೊಳ್ಳಿ; ಯಾವನೋ ಎಂಜಿನಿಯರ್ ಹಂಬರ್ ಅವರ ಗರ್ಡರನ್ನು ತನ್ನ ಹಳ್ಳಕ್ಕೆ ಹೊಂದಿಸಿದ ಲೆಕ್ಕ ಅದು.

ಮನೆಯಲ್ಲಿ ಇಡುವ ಬಗೆ. ಧಾರವಾಡದ ಮಳೆಗಾಲ ಪುಸ್ತಕಗಳಿಗೆ ಹಿತವಲ್ಲ. ಗೆದ್ದಲು ಗೋಡೆಯಿಂದ ಬರುತ್ತದೆ, ಬೂಷ್ಟು ತೇವದಿಂದ ಬರುತ್ತದೆ. ಎರಡಕ್ಕೂ ಸೇರಿ ಕಬ್ಬಿಣದ ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ, ನೆಲದಿಂದ ಅರ್ಧ ಅಡಿ ಮೇಲಕ್ಕೆ ಇರಿಸಿ. ಅಟ್ಲಾಸನ್ನು ನಿಲ್ಲಿಸಬೇಡಿ, ಮಲಗಿಸಿ. ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೆನ್ನು ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಕ್ಕಿಂತ ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತುವುದು ಲೇಸು, ನಮ್ಮ ಹಿರಿಯರು ಓಲೆಗರಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟದ್ದು ಸುಮ್ಮನ್ನಲ್ಲ. ತಿಂಗಳಿಗೊಮ್ಮೆ ಒಣ ದಿನ ನೋಡಿ ತೆರೆದು ಪುಟ ತಿರುವಿ. ಬಿಸಿಲಿಗೆ ಮಾತ್ರ ಹಾಕಬೇಡಿ.

ದುರಸ್ತಿಗೆ ಪುಸ್ತಕವನ್ನು ಮ್ಯಾಂಚೆಸ್ಟರಿಗೆ ಕಳುಹಿಸುವ ಆಲೋಚನೆ ಕೈಬಿಡಿ. ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ಅಡಿಯಲ್ಲಿ ಬರಬಹುದು. ಅವುಗಳನ್ನು ದೇಶದ ಹೊರಗೆ ಒಯ್ಯುವುದಕ್ಕೆ ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲಿ ಮಗಳು ತೊಂದರೆಗೆ ಸಿಲುಕುತ್ತಾಳೆ. ಕೆಲಸ ಇಲ್ಲಿಯೇ ಆಗುತ್ತದೆ. ಬೆಂಗಳೂರಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಹರಿದ ಮಡಿಕೆಗೆ ಹಿಂಬದಿಯಿಂದ ತೆಳ್ಳನೆಯ ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಲ್ಲಿ ಅಂಟಿಸುವುದು ಅಲ್ಲಿಯವರಿಗೆ ನಿತ್ಯದ ಕೆಲಸ. ಮುಂದೆ ಬೇಕೆಂದರೆ ನೀರು ತಾಗಿಸಿ ಅದನ್ನು ಬಿಡಿಸಲೂಬಹುದು.

ಅಲ್ಲಿಂದ ಇಲ್ಲಿಗೆ ತರಿಸುವುದಕ್ಕೆ ಅಡ್ಡಿಯಿಲ್ಲ, ಆಮದು ಸುಂಕವನ್ನು ಮಾತ್ರ ಕೊಳ್ಳುವ ಮುನ್ನ ವಿಚಾರಿಸಿ, ಹರಾಜಾದರೆ ಕೂಗಿದ ಬೆಲೆಯ ಮೇಲೆ ಹರಾಜು ಮನೆಯವರು ಹಾಕುವ ಕಮಿಷನ್ನನ್ನೂ ಕೂಡಿಸಿ ಲೆಕ್ಕ ಹಾಕಿ. ಮಗಳಿಗೆ ಮೊದಲು ಹುಡುಕಲು ಹೇಳಬೇಕಾದದ್ದು ಹಂಬರ್ ಅವರ ಬರಹದ ಸಂಪುಟ. ಆದರೆ ಅದಕ್ಕೂ ಮುನ್ನ ನೀವು ನಿಮ್ಮ ಫಲಕಗಳನ್ನು ಎಣಿಸಿ, ಕೊನೆಯ ಸಂಖ್ಯೆ ಯಾವುದು, ಶೀರ್ಷಿಕೆ ಪುಟದಲ್ಲಿ ಯಾವ ವರ್ಷ ಎಂದು ಬರೆದು ಕಳುಹಿಸಿ. 115 ಇದ್ದರೆ 1870ರ ಬರಹವೇ ಬೇಕು; ಕಡಿಮೆ ಇದ್ದು, ಕತ್ತರಿಸಿದ ಪಟ್ಟಿಗಳೂ ಕಾಣದಿದ್ದರೆ ನಿಮ್ಮದು ಹಿಂದಿನ ಆವೃತ್ತಿ, ಅದಕ್ಕೆ ಮೂರನೆಯ ಆವೃತ್ತಿಯ ಬರಹ ತಂದರೆ ಇಲ್ಲದ ಇಪ್ಪತ್ತು ಫಲಕಗಳನ್ನು ಅದು ಹೆಸರು ಹಿಡಿದು ಕರೆಯುತ್ತಿರುತ್ತದೆ. ಸಿಕ್ಕಿದಾಗ ಸಾಮಾನಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿ, ಎರಡು ಗಟ್ಟಿ ರಟ್ಟುಗಳ ನಡುವೆ ಕಟ್ಟಿಕೊಂಡು ಬರಲಿ.